ಲೋಲಕದ ಲೆಕ್ಕಗಳಲ್ಲಿ ಶಕ್ತಿ ಸಂರಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಜಿಲ್ಲೆಗಳ ಹಳ್ಳಿ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ವಿಜ್ಞಾನ ಓದಿ, ಪಿಯುಸಿಗೆ ಸೇರಿದ ಕೂಡಲೇ ಇಂಗ್ಲಿಷ್ ಪಠ್ಯಪುಸ್ತಕ ಕೈಗೆತ್ತಿಕೊಳ್ಳಬೇಕಾದ ಮಕ್ಕಳು ಲೋಲಕದ ಲೆಕ್ಕದ ಮುಂದೆ ತಡವರಿಸುತ್ತಾರೆ. ಅವರಿಗೆ ಗಣಿತ ಬಾರದೆಂದಲ್ಲ. ಶಕ್ತಿ ಸಂರಕ್ಷಣಾ ನಿಯಮವನ್ನು ಎಲ್ಲಿ ಹಚ್ಚಬೇಕು, ಅದು ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳಲಾರದು ಎಂಬುದನ್ನು ನಿಧಾನವಾಗಿ ಬಿಡಿಸಿ ಹೇಳಿದರೆ ಅದೇ ಮಕ್ಕಳು ಸಲೀಸಾಗಿ ಲೆಕ್ಕ ಮಾಡುತ್ತಾರೆ. ಪ್ರಥಮ ಪಿಯುಸಿ ವಿದ್ಯಾರ್ಥಿಗಳೂ, ಸಿಇಟಿ ಮತ್ತು ನೀಟ್ ಪರೀಕ್ಷೆಗಳಿಗೆ ಓದುತ್ತಿರುವವರೂ, ಕೆಲವು ಪೋಷಕರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಉದ್ದಕ್ಕೂ ಎಲ್ ಎಂದರೆ ದಾರ ಕಟ್ಟಿದ ಬಿಂದುವಿನಿಂದ ಗುಂಡಿನ ಮಧ್ಯದವರೆಗಿನ ಉದ್ದ, ಎಂ ಎಂದರೆ ಗುಂಡಿನ ದ್ರವ್ಯರಾಶಿ, ಎಚ್ ಎಂದರೆ ಅತಿ ತಗ್ಗಿನ ಬಿಂದುವಿನಿಂದ ಗುಂಡು ಇರುವ ಎತ್ತರ, ವಿ ಎಂದರೆ ವೇಗ, ಜಿ ಎಂದರೆ ಗುರುತ್ವ ವೇಗೋತ್ಕರ್ಷ, ಥೀಟಾ ಎಂದರೆ ನೇರ ಕೆಳಗಿನ ಗೆರೆಯಿಂದ ದಾರ ವಾಲಿರುವ ಕೋನ.

ಲೋಲಕದ ವೇಗ ಕಂಡುಹಿಡಿಯಲು ನ್ಯೂಟನ್ನನ ನಿಯಮ ಸಾಲದೆ? ಶಕ್ತಿಯ ಹಾದಿಯನ್ನೇ ಏಕೆ ಹಿಡಿಯಬೇಕು?

ಸಾಲುತ್ತದೆ, ಆದರೆ ದಾರಿ ಬಹಳ ಸುತ್ತು. ಇಳಿಜಾರಿನ ಮೇಲೆ ಜಾರುವ ಪೆಟ್ಟಿಗೆಯ ಲೆಕ್ಕದಲ್ಲಿ ಬಲವೂ ವೇಗೋತ್ಕರ್ಷವೂ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರುವುದರಿಂದ ವಿ² = ಯು² + 2 ಎ ಎಸ್ ಎಂಬ ಸೂತ್ರ ನಡೆಯುತ್ತದೆ (ಯು ಎಂದರೆ ಮೊದಲಿನ ವೇಗ, ಎ ಎಂದರೆ ವೇಗೋತ್ಕರ್ಷ, ಎಸ್ ಎಂದರೆ ಸಾಗಿದ ದೂರ). ಲೋಲಕದಲ್ಲಿ ಗುಂಡನ್ನು ಅದರ ದಾರಿಯ ಗುಂಟ ಎಳೆಯುವ ಬಲ ಎಂ × ಜಿ × ಸೈನ್ ಥೀಟಾ. ಥೀಟಾ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ವೇಗೋತ್ಕರ್ಷವೂ ಬದಲಾಗುತ್ತಲೇ ಇರುತ್ತದೆ. ಕಂಸದ ಉದ್ದವನ್ನು ಎಸ್ ಎಂದು ಹಾಕಿ ಆ ಸೂತ್ರವನ್ನು ಇಲ್ಲಿ ಬಳಸಿದವರ ಉತ್ತರ ಖಂಡಿತ ತಪ್ಪಾಗುತ್ತದೆ. ಶಕ್ತಿಯ ಲೆಕ್ಕವಾದರೋ ನಡುವಿನ ದಾರಿಯನ್ನು ಕೇಳುವುದೇ ಇಲ್ಲ. ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿ ಹೋದರೂ ಬಸ್ಸಿನಲ್ಲಿ ಸುತ್ತು ರಸ್ತೆ ಹಿಡಿದು ಹೋದರೂ ದೇಹಕ್ಕೆ ಸಿಗುವ ಪ್ರಚ್ಛನ್ನ ಶಕ್ತಿ ಒಂದೇ, ಏಕೆಂದರೆ ಏರಿದ ಎತ್ತರ ಒಂದೇ. ಗುಂಡಿನ ವಿಷಯವೂ ಹಾಗೆಯೇ: ಅದು ಬಿಟ್ಟ ಜಾಗ ಯಾವುದು, ನಮಗೆ ಬೇಕಾದ ಜಾಗ ಯಾವುದು, ಇವೆರಡರ ಎತ್ತರದ ವ್ಯತ್ಯಾಸ ಎಷ್ಟು ಎಂಬಷ್ಟು ತಿಳಿದರೆ ವೇಗ ಸಿಕ್ಕಿಬಿಡುತ್ತದೆ.

ದಾರವೂ ಗುಂಡನ್ನು ಎಳೆಯುತ್ತಿದೆಯಲ್ಲ, ಅದರ ಲೆಕ್ಕ ಎಲ್ಲಿ ಹೋಯಿತು?

ಇದು ಒಳ್ಳೆಯ ಪ್ರಶ್ನೆ, ಮತ್ತು ಇದನ್ನು ಕೇಳದೆ ಸೂತ್ರ ಬರೆಯುವವರು ಮುಂದೆ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ. ಕಾಲೇಜಿನಲ್ಲಿ ಟೆನ್ಷನ್ ಎಂದು ಕರೆಯುವ ದಾರದ ಎಳೆತ ಯಾವಾಗಲೂ ದಾರದ ಗುಂಟ, ಅಂದರೆ ಕಟ್ಟಿದ ಬಿಂದುವಿನ ಕಡೆಗೆ ಇರುತ್ತದೆ. ಗುಂಡು ಚಲಿಸುವುದು ವೃತ್ತದ ಕಂಸದ ಮೇಲೆ, ಅಂದರೆ ದಾರಕ್ಕೆ ಸದಾ 90 ಡಿಗ್ರಿ ಕೋನದಲ್ಲಿ. ಬಲ ಮತ್ತು ಚಲನೆಯ ದಿಕ್ಕುಗಳು ಒಂದಕ್ಕೊಂದು ಲಂಬವಾಗಿದ್ದರೆ ಆ ಬಲ ಮಾಡುವ ಕೆಲಸ ಸೊನ್ನೆ. ಹೀಗಾಗಿ ಕೆಲಸ ಮಾಡುವುದು ಗುರುತ್ವ ಬಲ ಒಂದೇ, ಮತ್ತು ಅದರ ಕೆಲಸವನ್ನು ನಾವು ಪ್ರಚ್ಛನ್ನ ಶಕ್ತಿಯ ಹೆಸರಿನಲ್ಲಿ ಆಗಲೇ ಲೆಕ್ಕಕ್ಕೆ ಹಿಡಿದಿರುತ್ತೇವೆ. ಆದ್ದರಿಂದಲೇ ಚಲನ ಶಕ್ತಿ ಮತ್ತು ಪ್ರಚ್ಛನ್ನ ಶಕ್ತಿಗಳ ಮೊತ್ತ ಬದಲಾಗುವುದಿಲ್ಲ. ಈ ಮಾತು ನಿಲ್ಲಬೇಕಾದರೆ ಎರಡು ಷರತ್ತುಗಳಿವೆ ಎಂಬುದನ್ನು ನೆನಪಿಡಿ: ಕಟ್ಟಿದ ಬಿಂದು ಅಲುಗಾಡಬಾರದು, ದಾರ ಹಿಗ್ಗಬಾರದು. ಓಡುತ್ತಿರುವ ಬಸ್ಸಿನ ಚಾವಣಿಗೆ ತೂಗುಹಾಕಿದ ಗುಂಡಿಗೆ ರಸ್ತೆಯಲ್ಲಿ ನಿಂತು ನೋಡುವವರು ಈ ಲೆಕ್ಕ ಹಚ್ಚುವಂತಿಲ್ಲ, ಏಕೆಂದರೆ ಅವರ ಕಣ್ಣಿಗೆ ಗುಂಡಿನ ದಾರಿ ದಾರಕ್ಕೆ ಲಂಬವಾಗಿರುವುದಿಲ್ಲ.

ಎತ್ತರವನ್ನು ಹೇಗೆ ಕಂಡುಹಿಡಿಯಬೇಕು? ಎಲ್ ಕಾಸ್ ಥೀಟಾ ಎಂದು ಬರೆದರೆ ಉತ್ತರ ಏಕೆ ತಪ್ಪಾಗುತ್ತದೆ?

ಲೋಲಕದ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಈ ಉತ್ತರವನ್ನು ಕಾಗದ, ಪೆನ್ಸಿಲು ಹಿಡಿದು ಓದಬೇಕೆಂದು ಕೋರುತ್ತೇನೆ. ದಾರ ಕಟ್ಟಿದ ಬಿಂದುವಿನಿಂದ ನೇರ ಕೆಳಕ್ಕೆ ಒಂದು ಗೆರೆ ಎಳೆಯಿರಿ. ಅದರ ಉದ್ದ ಎಲ್, ಅದರ ತುದಿ ಗುಂಡಿನ ಅತಿ ತಗ್ಗಿನ ಸ್ಥಾನ. ಈಗ ಅದೇ ಬಿಂದುವಿನಿಂದ ಓರೆಯಾಗಿ ಇನ್ನೊಂದು ಗೆರೆ ಎಳೆಯಿರಿ. ಅದರ ಉದ್ದವೂ ಎಲ್. ಓರೆ ಗೆರೆಯ ತುದಿಯಿಂದ ನೆಟ್ಟಗಿನ ಗೆರೆಗೆ ಅಡ್ಡಲಾಗಿ ಒಂದು ಸಣ್ಣ ಗೆರೆ ಎಳೆದರೆ ಲಂಬಕೋನ ತ್ರಿಭುಜ ಸಿಗುತ್ತದೆ. ಕಟ್ಟಿದ ಬಿಂದುವಿನಿಂದ ಆ ಅಡ್ಡಗೆರೆಯವರೆಗಿನ ದೂರ ಎಲ್ ಕಾಸ್ ಥೀಟಾ. ಅಂದರೆ ಅದು ಮೇಲಿನಿಂದ ಕೆಳಕ್ಕೆ ಅಳೆದ ಆಳ. ನಮಗೆ ಬೇಕಾದದ್ದು ಕೆಳಗಿನಿಂದ ಮೇಲಕ್ಕೆ ಅಳೆದ ಎತ್ತರ, ಅಂದರೆ ಪೂರ್ತಿ ಉದ್ದದಲ್ಲಿ ಆ ಆಳವನ್ನು ಕಳೆದು ಉಳಿದದ್ದು:

ಎಚ್ = ಎಲ್ × (1 − ಕಾಸ್ ಥೀಟಾ)

ಸರಿಯಾಗಿ ಬರೆದಿದ್ದೇವೆಯೇ ಎಂದು ನೋಡಲು ಸುಲಭದ ದಾರಿಯಿದೆ. ಥೀಟಾ ಸೊನ್ನೆಯಾದಾಗ ಕಾಸ್ ಬೆಲೆ 1, ಎಚ್ ಸೊನ್ನೆ. ಗುಂಡು ತಗ್ಗಿನಲ್ಲೇ ಇದೆ, ಸರಿ. ಥೀಟಾ 90 ಆದಾಗ ಕಾಸ್ ಬೆಲೆ ಸೊನ್ನೆ, ಎಚ್ ಎಂದರೆ ಪೂರ್ತಿ ಎಲ್. ದಾರ ಅಡ್ಡಲಾಗಿದೆ, ಅದೂ ಸರಿ. ಎಲ್ ಕಾಸ್ ಥೀಟಾ ಎಂದು ಬರೆದವರು ಇಷ್ಟು ನೋಡಿದ್ದರೂ ಸಾಕಿತ್ತು: ತೂಗದೆ ಸುಮ್ಮನೆ ನಿಂತ ಗುಂಡಿಗೆ ಅವರ ಸೂತ್ರ ಪೂರ್ತಿ ಎತ್ತರ ಕೊಡುತ್ತದೆ.

ಕೋನ ಇಮ್ಮಡಿಯಾದರೆ ಎತ್ತರ ಇಮ್ಮಡಿಯಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. 1 ಮೀಟರ್ ದಾರಕ್ಕೆ 30 ಡಿಗ್ರಿಯಲ್ಲಿ ಎತ್ತರ 13.4 ಸೆಂ.ಮೀ.; 60 ಡಿಗ್ರಿಯಲ್ಲಿ 50 ಸೆಂ.ಮೀ. ಕೆಲವು ಪ್ರಶ್ನೆಗಳಲ್ಲಿ ಕೋನದ ಬದಲು ಗುಂಡನ್ನು ಪಕ್ಕಕ್ಕೆ ಎಷ್ಟು ಸರಿಸಿದರು ಎಂದು ಕೊಟ್ಟಿರುತ್ತಾರೆ. ಆಗ ಕೋನ ಹುಡುಕುವ ಗೋಜಿಗೆ ಹೋಗದೆ ಪೈಥಾಗೊರಸ್ ಪ್ರಮೇಯದಿಂದಲೇ ಆಳ ಕಂಡುಹಿಡಿದು ಎಲ್‌ನಿಂದ ಕಳೆಯಿರಿ. 1 ಮೀಟರ್ ದಾರದ ಗುಂಡನ್ನು ಪಕ್ಕಕ್ಕೆ 60 ಸೆಂ.ಮೀ. ಸರಿಸಿದರೆ ಆಳ 80 ಸೆಂ.ಮೀ., ಎತ್ತರ 20 ಸೆಂ.ಮೀ.

ಪ್ರಚ್ಛನ್ನ ಶಕ್ತಿಯ ಸೊನ್ನೆಯನ್ನು ಅತಿ ತಗ್ಗಿನ ಬಿಂದುವಿನಲ್ಲೇ ಇಡಬೇಕೆ?

ಇಡಲೇಬೇಕೆಂದಿಲ್ಲ. ನೆಲದಲ್ಲಿಡಬಹುದು, ಮೇಜಿನ ಮೇಲಿಡಬಹುದು, ಕಟ್ಟಿದ ಬಿಂದುವಿನಲ್ಲೂ ಇಡಬಹುದು. ಕೊನೆಯದಕ್ಕೆ ಪ್ರಚ್ಛನ್ನ ಶಕ್ತಿ ಋಣ ಸಂಖ್ಯೆಯಾಗುತ್ತದೆ, ಅದರಿಂದ ಹೆದರಬೇಕಾದ್ದೇನೂ ಇಲ್ಲ. ಒಂದು ಲೆಕ್ಕದ ನಡುವೆ ಮಾತ್ರ ಸೊನ್ನೆಯ ಗೆರೆಯನ್ನು ಬದಲಿಸಬಾರದು.

ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸುವಿರಾ?

1.6 ಮೀಟರ್ ದಾರಕ್ಕೆ ಕಟ್ಟಿದ ಗುಂಡನ್ನು 60 ಡಿಗ್ರಿಯಷ್ಟು ಎಳೆದು, ತಳ್ಳದೆ ಸುಮ್ಮನೆ ಕೈಬಿಡಲಾಗಿದೆ. ಅತಿ ತಗ್ಗಿನಲ್ಲಿ ಅದರ ವೇಗ ಎಷ್ಟು ಎಂಬುದು ಪ್ರಶ್ನೆ ಎಂದಿಟ್ಟುಕೊಳ್ಳಿ. ಮೊದಲ ಸ್ಥಾನದಲ್ಲಿ ವೇಗವಿಲ್ಲ, ಆದ್ದರಿಂದ ಚಲನ ಶಕ್ತಿ ಸೊನ್ನೆ, ಇರುವುದೆಲ್ಲ ಪ್ರಚ್ಛನ್ನ ಶಕ್ತಿ. ಎರಡನೆಯ ಸ್ಥಾನದಲ್ಲಿ ಎತ್ತರವಿಲ್ಲ, ಇರುವುದೆಲ್ಲ ಚಲನ ಶಕ್ತಿ. ಎತ್ತರ 1.6 × (1 − 0.5) = 0.8 ಮೀಟರ್. ಎಂ × ಜಿ × ಎಚ್ = ½ × ಎಂ × ವಿ² ಎಂದು ಬರೆದರೆ ಎರಡೂ ಕಡೆಯ ಎಂ ಹೊಡೆದುಹೋಗಿ ವಿ² = 2 × 9.8 × 0.8 = 15.68 ಉಳಿಯುತ್ತದೆ. ವರ್ಗಮೂಲ ತೆಗೆದರೆ ವೇಗ ಸೆಕೆಂಡಿಗೆ 3.96 ಮೀಟರ್. ಪರೀಕ್ಷೆಯಲ್ಲಿ ಎರಡು ಸ್ಥಾನಗಳ ಸಣ್ಣ ಚಿತ್ರ ಬರೆದು, ಸೊನ್ನೆಯ ಗೆರೆಯನ್ನು ಗುರುತಿಸಿ, ಆಮೇಲೆ ಸಮೀಕರಣಕ್ಕೆ ಕೈಹಾಕಿ.

ಗುಂಡು ಭಾರವಾಗಿದ್ದರೆ ಹೆಚ್ಚು ವೇಗವಾಗಿ ತೂಗುವುದಿಲ್ಲವೆ?

ಇಲ್ಲ. ಭಾರ ಹೆಚ್ಚಾದಂತೆ ಗುರುತ್ವ ಮಾಡುವ ಕೆಲಸವೂ ಹೆಚ್ಚುತ್ತದೆ, ಅದೇ ವೇಗ ಗಳಿಸಲು ಬೇಕಾದ ಚಲನ ಶಕ್ತಿಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹತ್ತಿಯ ಉಂಡೆಗೂ ಕಬ್ಬಿಣದ ಗುಂಡಿಗೂ ವ್ಯತ್ಯಾಸ ಕಂಡರೆ ಅದು ಗಾಳಿಯ ತಡೆಯಿಂದ.

ಅರ್ಧ ಕೋನಕ್ಕೆ ಬಂದಾಗ ಅರ್ಧ ವೇಗ ಇರುತ್ತದೆಯೇ?

ಇರುವುದಿಲ್ಲ, ಮತ್ತು ಬಹು ಆಯ್ಕೆ ಪ್ರಶ್ನೆಗಳಲ್ಲಿ ಈ ಬಲೆಯನ್ನು ಮತ್ತೆ ಮತ್ತೆ ಬೀಸುತ್ತಾರೆ. ಥೀಟಾ ಕೋನದಿಂದ ಬಿಟ್ಟ ಗುಂಡು ನಡುವೆ ಆಲ್ಫಾ ಕೋನದಲ್ಲಿರುವಾಗ ಎತ್ತರದ ವ್ಯತ್ಯಾಸ ಎಲ್ × (ಕಾಸ್ ಆಲ್ಫಾ − ಕಾಸ್ ಥೀಟಾ). ಹಾಗಾಗಿ

ವಿ² = 2 × ಜಿ × ಎಲ್ × (ಕಾಸ್ ಆಲ್ಫಾ − ಕಾಸ್ ಥೀಟಾ)

60 ಡಿಗ್ರಿಯಿಂದ ಬಿಟ್ಟ ಗುಂಡಿನಲ್ಲಿ ಚಲನ ಶಕ್ತಿಯೂ ಪ್ರಚ್ಛನ್ನ ಶಕ್ತಿಯೂ ಸಮವಾಗುವುದು ಅರ್ಧ ಎತ್ತರದಲ್ಲಿ. ಆಗ ಕಾಸ್ ಆಲ್ಫಾ 0.75, ಕೋನ ಸುಮಾರು 41.4 ಡಿಗ್ರಿ. ವೇಗ ಗರಿಷ್ಠದ ಅರ್ಧವಾಗುವುದು ಅದಕ್ಕೂ ಮೇಲೆ, ಏಕೆಂದರೆ ಅರ್ಧ ವೇಗ ಎಂದರೆ ಕಾಲು ಭಾಗ ಚಲನ ಶಕ್ತಿ. ಎತ್ತರದ ಕಾಲು ಭಾಗ ಮಾತ್ರ ಇಳಿದಿರುವ ಆ ಜಾಗದಲ್ಲಿ ಕೋನ ಸುಮಾರು 51.3 ಡಿಗ್ರಿ. ಅಂದರೆ 60ರಿಂದ 51ಕ್ಕೆ ಬರುವಷ್ಟರಲ್ಲೇ ಗುಂಡು ತನ್ನ ಗರಿಷ್ಠ ವೇಗದ ಅರ್ಧವನ್ನು ಗಳಿಸಿರುತ್ತದೆ.

ಗುಂಡನ್ನು ಸುಮ್ಮನೆ ಬಿಡದೆ ತಳ್ಳಿದರೆ ಏನು ಮಾಡಬೇಕು? ಯಾವ ದಿಕ್ಕಿಗೆ ತಳ್ಳಿದರು ಎಂಬುದು ಮುಖ್ಯವೇ?

ಮೊದಲ ಸ್ಥಾನದ ಶಕ್ತಿಗೆ ½ × ಎಂ × ಯು² ಸೇರಿಸಿದರಾಯಿತು. ಕಂಸದ ಗುಂಟ ಮೇಲಕ್ಕೆ ತಳ್ಳಿದರೂ ಕೆಳಕ್ಕೆ ತಳ್ಳಿದರೂ ತಗ್ಗಿನಲ್ಲಿ ಸಿಗುವ ವೇಗ ಒಂದೇ, ಏಕೆಂದರೆ ಮೇಲಕ್ಕೆ ಹೋದ ಗುಂಡು ಹಿಂತಿರುಗಿ ಅದೇ ಜಾಗವನ್ನು ಅದೇ ವೇಗದಲ್ಲಿ ದಾಟುತ್ತದೆ. 2 ಮೀಟರ್ ದಾರದ ಗುಂಡಿಗೆ ತಗ್ಗಿನಲ್ಲಿ ಸೆಕೆಂಡಿಗೆ 2.8 ಮೀಟರ್ ವೇಗ ಕೊಟ್ಟರೆ ಅದು 2.8² ÷ 19.6 = 0.4 ಮೀಟರ್ ಏರುತ್ತದೆ. ಕಾಸ್ ಥೀಟಾ 0.8, ಕೋನ ಸುಮಾರು 36.9 ಡಿಗ್ರಿ.

ದಾರದ ಎಳೆತವನ್ನೂ ಶಕ್ತಿ ಸಂರಕ್ಷಣೆಯಿಂದಲೇ ಕಂಡುಹಿಡಿಯಬಹುದೆ?

ಅದೊಂದರಿಂದಲೇ ಸಾಧ್ಯವಿಲ್ಲ. ಎಳೆತ ಕೆಲಸ ಮಾಡುವುದಿಲ್ಲವಾದ್ದರಿಂದ ಶಕ್ತಿಯ ಸಮೀಕರಣದಲ್ಲಿ ಅದರ ಸುಳಿವೇ ಇಲ್ಲ. ಇಲ್ಲಿ ಎರಡು ನಿಯಮಗಳು ಕೈಗೂಡಬೇಕು: ವೇಗವನ್ನು ಶಕ್ತಿಯಿಂದ ತಿಳಿದು, ಆ ವೇಗದಲ್ಲಿ ವೃತ್ತದ ಮೇಲೆ ತಿರುಗಲು ಕೇಂದ್ರದ ಕಡೆಗೆ ಎಷ್ಟು ಬಲ ಬೇಕು ಎಂಬುದನ್ನು ನ್ಯೂಟನ್ನನ ಎರಡನೆಯ ನಿಯಮದಿಂದ ತಿಳಿಯಬೇಕು. ತಗ್ಗಿನ ಬಿಂದುವಿನಲ್ಲಿ ಎಳೆತ − ಎಂ ಜಿ = ಎಂ ವಿ² ÷ ಎಲ್. ಇದರಲ್ಲಿ ವಿ² ಬದಲಿಗೆ 2 ಜಿ ಎಲ್ (1 − ಕಾಸ್ ಥೀಟಾ) ಹಾಕಿದರೆ

ಎಳೆತ = ಎಂ × ಜಿ × (3 − 2 ಕಾಸ್ ಥೀಟಾ)

ಈ ಸೂತ್ರದಲ್ಲಿ ಎಲ್ ಇಲ್ಲವೇ ಇಲ್ಲ ಎಂಬುದು ನನಗೆ ಯಾವಾಗಲೂ ಸೊಗಸಾಗಿ ಕಾಣುತ್ತದೆ: ಗೇಣುದ್ದದ ದಾರವಾದರೂ ಮಾರುದ್ದದ ಹಗ್ಗವಾದರೂ ಕೋನ ಒಂದೇ ಆದರೆ ಎಳೆತ ಒಂದೇ. 60 ಡಿಗ್ರಿಯಿಂದ ಬಿಟ್ಟರೆ ತೂಕದ ಎರಡರಷ್ಟು, 90 ಡಿಗ್ರಿಯಿಂದ ಬಿಟ್ಟರೆ ಮೂರರಷ್ಟು. ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕ್ರೇನು ಕಬ್ಬಿನ ಹೊರೆಯನ್ನು ಲಾರಿಯಿಂದ ಎತ್ತುವಾಗ ಹೊರೆ ಅತ್ತಿತ್ತ ತೂಗುವುದನ್ನು ನೋಡಿರುತ್ತೀರಿ. 3 ಟನ್ ಹೊರೆ 20 ಡಿಗ್ರಿಯವರೆಗೆ ತೂಗಿದರೆ ತಗ್ಗಿನಲ್ಲಿ ಉಕ್ಕಿನ ಹಗ್ಗದ ಮೇಲೆ ಬೀಳುವ ಭಾರ ಸುಮಾರು 3.36 ಟನ್‌ನಷ್ಟಾಗುತ್ತದೆ. ಹೊರೆಯನ್ನು ತೂಗಾಡಿಸದೆ ನಿಧಾನವಾಗಿ ಎತ್ತಬೇಕೆನ್ನುವುದರ ಹಿಂದೆ ಈ ಲೆಕ್ಕವೂ ಇದೆ.

ಹುಣಸೆ ಮರಕ್ಕೆ ಉಯ್ಯಾಲೆ ಕಟ್ಟುತ್ತಿದ್ದೇವೆ. ಮಗುವಿನ ತೂಕ ತಡೆಯುವ ಹಗ್ಗ ಸಾಕೆ?

ಸಾಲದು. 30 ಕೆ.ಜಿ. ತೂಕದ ಮಗು 60 ಡಿಗ್ರಿಯವರೆಗೆ ತೂಗಿದರೆ ಹಗ್ಗಗಳ ಮೇಲೆ 60 ಕೆ.ಜಿ. ತೂಗುಹಾಕಿದಷ್ಟು ಎಳೆತ ಬೀಳುತ್ತದೆ, ಅಡ್ಡಲಾಗುವಷ್ಟು ತೂಗಿದರೆ 90 ಕೆ.ಜಿ.ಯಷ್ಟು. ಎರಡು ಹಗ್ಗಗಳು ಇದನ್ನು ಹಂಚಿಕೊಂಡರೂ ಗಂಟು ಹಾಕಿದಲ್ಲಿ ಹಗ್ಗದ ಬಲ ಕುಂದುತ್ತದೆ, ಕೊಂಬೆಗೆ ಉಜ್ಜುವಲ್ಲಿ ಎಳೆಗಳು ಸವೆಯುತ್ತವೆ, ಅಣ್ಣನೋ ಅಕ್ಕನೋ ಜೊತೆಗೆ ಹತ್ತುವುದೂ ಉಂಟು. ಒಂದೊಂದು ಹಗ್ಗವೂ ಮಗುವಿನ ತೂಕದ ಹಲವು ಪಟ್ಟು ತಡೆಯುವಂತಿರಲಿ. ಕೊಂಬೆಗೆ ಹಗ್ಗ ಸುತ್ತುವಲ್ಲಿ ಗೋಣಿತಾಟು ಸುತ್ತಿ, ಆಗಾಗ ಆ ಜಾಗವನ್ನು ಬಿಚ್ಚಿ ನೋಡಿ.

ದಾರದ ಹಾದಿಯಲ್ಲಿ ಮೊಳೆಯೊಂದು ಅಡ್ಡ ಬಂದರೆ ಶಕ್ತಿ ನಷ್ಟವಾಗುವುದಿಲ್ಲವೆ?

ದಾರ ಮೊಳೆಗೆ ತಗುಲಿದ ಕ್ಷಣದಲ್ಲೂ ಎಳೆತ ಗುಂಡಿನ ಚಲನೆಗೆ ಲಂಬವಾಗಿಯೇ ಇರುತ್ತದೆ, ಮೊಳೆ ಅಲುಗಾಡುವುದಿಲ್ಲ. ಆದ್ದರಿಂದ ಗುಂಡಿನ ವೇಗ ಆ ಕ್ಷಣದಲ್ಲಿ ಬದಲಾಗುವುದಿಲ್ಲ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಇದೇ ಪ್ರಯೋಗವನ್ನು ವಿವರಿಸಿದ್ದಾನೆ: ಗೋಡೆಗೆ ಹೊಡೆದ ಮೊಳೆಗೆ ದಾರ ಸಿಕ್ಕಿ ಕಂಸ ಕಿರಿದಾದರೂ ಗುಂಡು ಬಿಟ್ಟ ಮಟ್ಟದವರೆಗೇ ಏರುತ್ತದೆ. ಶಕ್ತಿ ಎಂಬ ಪರಿಕಲ್ಪನೆ ಇನ್ನೂ ರೂಪುಗೊಂಡಿರದ ಕಾಲದಲ್ಲಿ ಅವನು ಎತ್ತರಕ್ಕೂ ವೇಗಕ್ಕೂ ಇರುವ ನಂಟನ್ನು ಹೀಗೆ ಕಣ್ಣಿಗೆ ಕಾಣಿಸಿದ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು.

ಲೆಕ್ಕಕ್ಕೆ ಬಂದರೆ, 1 ಮೀಟರ್ ದಾರವನ್ನು 30 ಡಿಗ್ರಿಯಿಂದ ಬಿಟ್ಟು, ಕಟ್ಟಿದ ಬಿಂದುವಿನ ನೇರ ಕೆಳಗೆ 60 ಸೆಂ.ಮೀ. ದೂರದಲ್ಲಿ ಮೊಳೆಯಿದ್ದರೆ, ಆಚೆ ಬದಿಯಲ್ಲಿ ತೂಗುವ ದಾರ 40 ಸೆಂ.ಮೀ. ಮಾತ್ರ. ಏರುವ ಎತ್ತರ ಅದೇ 13.4 ಸೆಂ.ಮೀ., ಕೋನ ಮಾತ್ರ ಸುಮಾರು 48 ಡಿಗ್ರಿ. ಎತ್ತರ ಒಂದೇ, ಕೋನ ಬೇರೆ. ಈ ಎರಡನ್ನು ಅದಲು ಬದಲು ಮಾಡಬಾರದು. ಬಿಟ್ಟ ಎತ್ತರ ಮೊಳೆಯ ಮಟ್ಟಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಗುಂಡು ಮೊಳೆಯ ಸುತ್ತ ಸುತ್ತಲು ಹೊರಡುತ್ತದೆ, ಆಗ ಮುಂದಿನ ಪ್ರಶ್ನೆಯ ವಿಚಾರ ಬರುತ್ತದೆ.

ಗುಂಡು ಪೂರ್ತಿ ಸುತ್ತು ಹಾಕಲು ತಗ್ಗಿನಲ್ಲಿ ಎಷ್ಟು ವೇಗ ಬೇಕು? ನನಗೆ 4 ಜಿ ಎಲ್ ಬರುತ್ತದೆ, ಉತ್ತರದಲ್ಲಿ 5 ಜಿ ಎಲ್ ಇದೆ.

ನಿಮ್ಮ ಉತ್ತರ ಗಟ್ಟಿ ಕಡ್ಡಿಗೆ ಸರಿ, ದಾರಕ್ಕೆ ತಪ್ಪು. ವೃತ್ತದ ಮೇಲ್ತುದಿಯ ಎತ್ತರ 2 ಎಲ್; ಅಲ್ಲಿಗೆ ಹೇಗೋ ಮುಟ್ಟಿದರೆ ಸಾಕು ಎಂದು ಶಕ್ತಿಯನ್ನಷ್ಟೇ ನೋಡಿದರೆ ವಿ² = 4 ಜಿ ಎಲ್ ಬರುತ್ತದೆ, ತುದಿಯಲ್ಲಿ ವೇಗ ಸೊನ್ನೆ. ಕಡ್ಡಿಯಾದರೆ ಗುಂಡನ್ನು ಕೆಳಗಿನಿಂದ ಒತ್ತಿ ಹಿಡಿಯಬಲ್ಲದು. ದಾರಕ್ಕೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಆದ್ದರಿಂದ ತುದಿಯಲ್ಲೂ ಗುಂಡು ವೃತ್ತದ ಮೇಲೆಯೇ ಉಳಿಯಬೇಕಾದರೆ ಕನಿಷ್ಠ ಅದರ ತೂಕವೆಲ್ಲ ತಿರುಗಿಸುವುದಕ್ಕೇ ಖರ್ಚಾಗಬೇಕು: ಎಂ ವಿ² ÷ ಎಲ್ = ಎಂ ಜಿ, ಅಂದರೆ ತುದಿಯಲ್ಲಿ ವಿ² = ಜಿ ಎಲ್. ಇದಕ್ಕೆ ಎತ್ತರದ 4 ಜಿ ಎಲ್ ಸೇರಿಸಿದರೆ ತಗ್ಗಿನಲ್ಲಿ 5 ಜಿ ಎಲ್. 1 ಮೀಟರ್ ಉದ್ದಕ್ಕೆ ಕಡ್ಡಿಗೆ ಸೆಕೆಂಡಿಗೆ 6.26 ಮೀಟರ್, ದಾರಕ್ಕೆ 7 ಮೀಟರ್. ಮೊಳೆಯ ಲೆಕ್ಕದಲ್ಲಿ ದಾರವನ್ನು ಅಡ್ಡಲಾಗಿ ಹಿಡಿದು ಬಿಟ್ಟರೆ ತಗ್ಗಿನಲ್ಲಿ 2 ಜಿ ಎಲ್ ಸಿಗುತ್ತದೆ. ಮೊಳೆಯ ಸುತ್ತಿನ ತ್ರಿಜ್ಯದ 5 ಜಿ ಪಟ್ಟಿಗೆ ಇದು ಸಾಲಬೇಕಾದರೆ ಆ ತ್ರಿಜ್ಯ ಎಲ್‌ನ ಐದನೇ ಎರಡು ಭಾಗವನ್ನು ಮೀರಬಾರದು.

ತಗ್ಗಿನ ವೇಗದ ವರ್ಗ 2 ಜಿ ಎಲ್‌ಗೂ 5 ಜಿ ಎಲ್‌ಗೂ ನಡುವೆ ಇದ್ದರೆ ಏನಾಗುತ್ತದೆ?

ಗುಂಡು ಅಡ್ಡ ಮಟ್ಟವನ್ನು ದಾಟಿ ಮೇಲೇರಿ, ತುದಿ ಮುಟ್ಟುವ ಮುನ್ನವೇ ದಾರ ಸಡಿಲಾಗಿ, ಅಲ್ಲಿಂದ ಎಸೆದ ಕಲ್ಲಿನಂತೆ ಹಾರುತ್ತದೆ. ಶಕ್ತಿ ಸಂರಕ್ಷಣೆ ಆಗಲೂ ನಿಜ. ಆದರೆ ಗರಿಷ್ಠ ಎತ್ತರವನ್ನು ವಿ² ÷ 2 ಜಿ ಎಂದು ಬರೆಯಬಾರದು, ಏಕೆಂದರೆ ಹಾರುತ್ತಿರುವ ಗುಂಡಿಗೆ ಅತಿ ಎತ್ತರದಲ್ಲೂ ಅಡ್ಡ ದಿಕ್ಕಿನ ವೇಗ ಉಳಿದಿರುತ್ತದೆ. 1 ಮೀಟರ್ ದಾರಕ್ಕೆ ತಗ್ಗಿನಲ್ಲಿ ಸೆಕೆಂಡಿಗೆ 6 ಮೀಟರ್ ವೇಗ ಕೊಟ್ಟರೆ 1.84 ಮೀಟರ್ ಏರುತ್ತದೆಂದು ಅವಸರದ ಲೆಕ್ಕ ಹೇಳುತ್ತದೆ. ದಾರ ಸಡಿಲಾಗುವುದು 1.56 ಮೀಟರಿನಲ್ಲಿ, ಅಲ್ಲಿಂದ ಹಾರಿ ಮುಟ್ಟುವುದು ಸುಮಾರು 1.75 ಮೀಟರ್.

ಒಂದು ತೂಗಿಗೆ ಎಷ್ಟು ಸಮಯ ಬೇಕು ಎಂಬುದನ್ನು ಶಕ್ತಿಯಿಂದ ಪಡೆಯಬಹುದೆ?

ನೇರವಾಗಿ ಇಲ್ಲ. ಶಕ್ತಿಯ ಸಮೀಕರಣದಲ್ಲಿ ಸಮಯವೆಂಬುದೇ ಇಲ್ಲ. ಪ್ರತಿ ಜಾಗದ ವೇಗ ಗೊತ್ತಿರುವುದರಿಂದ ಕಂಸವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿ ಒಂದೊಂದನ್ನು ದಾಟುವ ಸಮಯವನ್ನು ಕೂಡಬಹುದು. ಕೋನ ಸಣ್ಣದಿದ್ದಾಗ ಆ ಮೊತ್ತ 2 ಪೈ × (ಎಲ್ ÷ ಜಿ)ಯ ವರ್ಗಮೂಲ ಎಂಬ ಪರಿಚಿತ ಸೂತ್ರಕ್ಕೆ ಬಂದು ನಿಲ್ಲುತ್ತದೆ. ಕೋನ ದೊಡ್ಡದಾದರೆ ಸಮಯ ಹೆಚ್ಚುತ್ತದೆ: 30 ಡಿಗ್ರಿಗೆ ಶೇ 1.7ರಷ್ಟು, 60 ಡಿಗ್ರಿಗೆ ಶೇ 7ರಷ್ಟು, 90 ಡಿಗ್ರಿಗೆ ಶೇ 18ರಷ್ಟು. ಡಚ್ ವಿಜ್ಞಾನಿ ಕ್ರಿಸ್ತಿಯಾನ್ ಹೈಗೆನ್ಸ್ 1656ರಲ್ಲಿ ಲೋಲಕದ ಗಡಿಯಾರವನ್ನು ರೂಪಿಸಿದಾಗ ಅವನನ್ನು ಕಾಡಿದ ಸಮಸ್ಯೆಗಳಲ್ಲಿ ಇದೂ ಒಂದು. ಆದರೆ ತಗ್ಗಿನ ವೇಗದ ಸೂತ್ರಕ್ಕೆ ಈ ಸಣ್ಣ ಕೋನದ ಷರತ್ತು ಇಲ್ಲ. ಅದು ಎಲ್ಲ ಕೋನಗಳಿಗೂ ಸರಿ.

ಜಿ ಬೆಲೆ 9.8 ಹಾಕಬೇಕೆ, 10 ಹಾಕಬೇಕೆ?

ಪ್ರಶ್ನೆಯಲ್ಲಿ ಕೊಟ್ಟದ್ದನ್ನು ಹಾಕಿ, ಕೊಡದಿದ್ದರೆ 9.8. ಮೈಸೂರು ಭೂಮಧ್ಯರೇಖೆಗೆ ಹತ್ತಿರವಿದ್ದು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನಿಜವಾದ ಬೆಲೆ ಸುಮಾರು 9.78. ಪ್ರಯೋಗಾಲಯದಲ್ಲಿ 9.78 ಬಂದರೆ ಅದನ್ನು ತಿದ್ದಿ 9.8 ಮಾಡಬೇಡಿ.

ಮಣ್ಣಿನ ಉಂಡೆಯೊಂದು ಬಂದು ತೂಗುವ ಮರದ ತುಂಡಿಗೆ ಅಂಟಿಕೊಂಡರೆ ಮೊದಲಿನಿಂದ ಕೊನೆಯವರೆಗೆ ಶಕ್ತಿ ಸಂರಕ್ಷಣೆ ಹಚ್ಚಬಹುದೆ?

ಖಂಡಿತ ಹಚ್ಚಬಾರದು. ಇಲ್ಲಿ ಎರಡು ಘಟನೆಗಳಿವೆ. ಉಂಡೆ ಬಡಿದು ಅಂಟಿಕೊಳ್ಳುವುದು ಮೊದಲನೆಯದು. ಅದರಲ್ಲಿ ಚಲನ ಶಕ್ತಿಯ ಬಹುಪಾಲು ಶಾಖಕ್ಕೂ ಸದ್ದಿಗೂ ಉಂಡೆ ಚಪ್ಪಟೆಯಾಗುವುದಕ್ಕೂ ಹೋಗುತ್ತದೆ, ಉಳಿಯುವುದು ಸಂವೇಗ (ದ್ರವ್ಯರಾಶಿ × ವೇಗ) ಮಾತ್ರ. ಎರಡೂ ಸೇರಿ ತೂಗಿ ಮೇಲೇರುವುದು ಎರಡನೆಯದು. ಅದರಲ್ಲಿ ಯಾಂತ್ರಿಕ ಶಕ್ತಿ, ಅಂದರೆ ಚಲನ ಮತ್ತು ಪ್ರಚ್ಛನ್ನ ಶಕ್ತಿಗಳ ಮೊತ್ತ, ಉಳಿಯುತ್ತದೆ. 0.2 ಕೆ.ಜಿ. ಉಂಡೆ 1.8 ಕೆ.ಜಿ. ತುಂಡಿಗೆ ಬಡಿದು ಎರಡೂ 5 ಸೆಂ.ಮೀ. ಏರಿದವು ಎನ್ನೋಣ. ಏರಿಕೆಯಿಂದ, ಬಡಿದ ಮರುಕ್ಷಣದ ವೇಗದ ವರ್ಗ 2 × 9.8 × 0.05 = 0.98, ವೇಗ ಸೆಕೆಂಡಿಗೆ 0.99 ಮೀಟರ್. ಸಂವೇಗದಿಂದ, ಉಂಡೆಯ ವೇಗ ಇದರ ಹತ್ತು ಪಟ್ಟು, 9.9 ಮೀಟರ್. ಶಕ್ತಿಯನ್ನು ನೋಡಿದರೆ ಮೊದಲು 9.8 ಜೂಲ್ ಇದ್ದದ್ದು ಆಮೇಲೆ 0.98 ಜೂಲ್ ಆಗಿದೆ. ಹತ್ತರಲ್ಲಿ ಒಂಬತ್ತು ಪಾಲು ಬಡಿತದಲ್ಲೇ ಹೋಯಿತು. ಬ್ರಿಟನ್ನಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ವಿವರಿಸಿದ, ಬಂದೂಕಿನ ಗುಂಡಿನ ವೇಗ ಅಳೆಯುವ ಲೋಲಕ ನಡೆಯುವುದೂ ಇದೇ ತತ್ತ್ವದ ಮೇಲೆ.

ನಿಜವಾದ ಲೋಲಕ ಸ್ವಲ್ಪ ಹೊತ್ತಿಗೆ ನಿಂತೇ ಹೋಗುತ್ತದೆ. ಹಾಗಾದರೆ ನಿಯಮ ಸುಳ್ಳೇ?

ನಿಯಮ ಸುಳ್ಳಲ್ಲ, ಶಕ್ತಿ ಗಾಳಿಗೂ ದಾರದ ಗಂಟಿಗೂ ಹಂಚಿಹೋಗಿ ಶಾಖವಾಗಿದೆ. ಎಷ್ಟು ಹೋಯಿತೆಂದು ತಿಳಿಯಲು ಎತ್ತರಗಳನ್ನು ಹೋಲಿಸಿದರೆ ಸಾಕು. 20 ಡಿಗ್ರಿಯಿಂದ ಬಿಟ್ಟ ಗುಂಡು ಹಲವು ತೂಗುಗಳ ನಂತರ 18 ಡಿಗ್ರಿಗೆ ಇಳಿದರೆ ಕೋನ ಕಡಿಮೆಯಾದದ್ದು ಶೇ 10, ಶಕ್ತಿ ಕಡಿಮೆಯಾದದ್ದು ಸುಮಾರು ಶೇ 19.

ಉಯ್ಯಾಲೆಯಲ್ಲಿ ನಿಂತು ಜೀಕುವವರು ಯಾರೂ ತಳ್ಳದಿದ್ದರೂ ಮೇಲೆ ಮೇಲೆ ಹೋಗುತ್ತಾರಲ್ಲ?

ಅಲ್ಲಿ ಶಕ್ತಿ ಬರುವುದು ಅವರ ಸ್ನಾಯುಗಳಿಂದ. ಜೀಕುವವರನ್ನು ಹತ್ತಿರ ನಿಂತು ಗಮನಿಸಿ: ತಗ್ಗಿನಲ್ಲಿ ಹಾಯುವಾಗ ಮಂಡಿ ನೀಡಿ ಎದ್ದು ನಿಲ್ಲುತ್ತಾರೆ, ತುದಿಗಳಲ್ಲಿ ಮಂಡಿ ಮಡಚಿ ಕುಗ್ಗುತ್ತಾರೆ. ತಗ್ಗಿನಲ್ಲಿ ಕಾಲುಗಳ ಮೇಲಿನ ಭಾರ ತೂಕಕ್ಕಿಂತ ಹೆಚ್ಚು, ತುದಿಯಲ್ಲಿ ಕಡಿಮೆ. 40 ಕೆ.ಜಿ. ತೂಕದವರು 45 ಡಿಗ್ರಿ ತೂಗುವಾಗ 20 ಸೆಂ.ಮೀ. ಎದ್ದು ಕುಗ್ಗಿದರೆ ಏಳುವಾಗ ಸೇರುವ ಶಕ್ತಿಗೂ ಕುಗ್ಗುವಾಗ ಕಳೆಯುವ ಶಕ್ತಿಗೂ ನಡುವಿನ ವ್ಯತ್ಯಾಸವಾಗಿ ಪ್ರತಿ ಅರ್ಧ ತೂಗಿಗೆ ಅಂದಾಜು 69 ಜೂಲ್ ಸೇರುತ್ತದೆ. ಹೀಗೆ ಒಳಗಿನಿಂದ ಕೆಲಸ ನಡೆಯುವಾಗ ಎರಡು ಸ್ಥಾನಗಳ ಯಾಂತ್ರಿಕ ಶಕ್ತಿಯನ್ನು ಸಮ ಎಂದು ಬರೆಯುವಂತಿಲ್ಲ. ದಸರಾ ವಸ್ತುಪ್ರದರ್ಶನದಲ್ಲಿ ತೂಗುವ ಕೊಲಂಬಸ್ ದೋಣಿಯೂ ಮೋಟಾರು ತಳ್ಳುತ್ತಿರುವವರೆಗೆ ಈ ಲೆಕ್ಕಕ್ಕೆ ಸಿಗುವುದಿಲ್ಲ.

ಗುಂಡಿನ ಬದಲು ಒಂದು ಕೋಲೇ ತೂಗಿದರೆ ಅದೇ ಸೂತ್ರವೇ?

ಅಲ್ಲ. ಕೋಲಿನ ಎತ್ತರವನ್ನು ಅದರ ಮಧ್ಯದಿಂದ ಅಳೆಯಬೇಕು, ಚಲನ ಶಕ್ತಿಯನ್ನು ಜಡತ್ವ ಭ್ರಾಮಕದಿಂದ (ದ್ರವ್ಯರಾಶಿ ತಿರುಗುವ ಬಿಂದುವಿನಿಂದ ಎಷ್ಟು ದೂರ ಹರಡಿದೆ ಎಂಬುದರ ಅಳತೆಯಿಂದ) ಬರೆಯಬೇಕು. ಒಂದೇ ದಪ್ಪದ 1 ಮೀಟರ್ ಕೋಲನ್ನು ಅಡ್ಡಲಾಗಿ ಹಿಡಿದು ಬಿಟ್ಟರೆ ತಗ್ಗಿನಲ್ಲಿ ಅದರ ತುದಿಯ ವೇಗದ ವರ್ಗ 3 ಜಿ ಎಲ್, ಅಂದರೆ ಸೆಕೆಂಡಿಗೆ 5.42 ಮೀಟರ್, ದಾರದ ಗುಂಡಿಗೆ 4.43 ಮೀಟರ್.

ಇದನ್ನು ಮನೆಯಲ್ಲಿ ಅಳೆದು ನೋಡಬಹುದೆ?

ಖಂಡಿತ ಅಳೆಯಬಹುದು, ಅಳೆಯಲೇಬೇಕು. ಸೈಕಲ್ ಅಂಗಡಿಯಲ್ಲಿ ಸಿಗುವ ಭಾರದ ನಟ್ಟೊಂದನ್ನು ಹಿಗ್ಗದ ದಾರಕ್ಕೆ ಕಟ್ಟಿ, ಬಾಗಿಲ ಮೇಲ್ಚೌಕಟ್ಟಿನ ಮೊಳೆಯಿಂದ ನಟ್ಟಿನ ಮಧ್ಯದವರೆಗೆ ಸರಿಯಾಗಿ 1 ಮೀಟರ್ ಬರುವಂತೆ ಇಳಿಬಿಡಿ. ನಟ್ಟು ನಿಂತ ಜಾಗದ ಹಿಂದೆ, ಅದಕ್ಕೆ ತಾಗದಷ್ಟು ಹತ್ತಿರ, ಅಡ್ಡಲಾಗಿ ಒಂದು ಸ್ಕೇಲನ್ನು ನಿಲ್ಲಿಸಿ. ನಟ್ಟನ್ನು ಪಕ್ಕಕ್ಕೆ 25 ಸೆಂ.ಮೀ. ಸರಿಸಿ, ದಾರ ಬಿಗಿಯಾಗಿರುವಂತೆ ನೋಡಿಕೊಂಡು, ತಳ್ಳದೆ ಬೆರಳು ಬಿಡಿಸಿ. ಮೊಬೈಲಿನ ನಿಧಾನಗತಿಯ ವಿಡಿಯೊ ಸೆಕೆಂಡಿಗೆ 240 ಫ್ರೇಮು ಹಿಡಿಯುವಂತಿದ್ದರೆ ಉತ್ತಮ. ಇಳಿದ ಎತ್ತರ 3.18 ಸೆಂ.ಮೀ., ಲೆಕ್ಕದ ವೇಗ ಸೆಕೆಂಡಿಗೆ 0.79 ಮೀಟರ್, ಅಂದರೆ ನಟ್ಟು ತಗ್ಗಿನಲ್ಲಿ 10 ಫ್ರೇಮುಗಳಿಗೆ ಸುಮಾರು 3.3 ಸೆಂ.ಮೀ. ದಾಟಬೇಕು. ಮೊಬೈಲನ್ನು ನಟ್ಟಿನ ಎದುರಿಗೆ, ಅದೇ ಮಟ್ಟದಲ್ಲಿ, ಸಾಕಷ್ಟು ದೂರದಲ್ಲಿ ಇಡಿ. ಹತ್ತಿರವಿಟ್ಟರೆ ಹಿಂದಿನ ಸ್ಕೇಲಿನ ಮೇಲೆ ದೂರ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅಳತೆ 3.2 ಬಂದರೆ ಗಾಳಿಯ ತಡೆಯನ್ನು ದೂರುವ ಮೊದಲು 25 ಸೆಂ.ಮೀ. ಸರಿಯಾಗಿ ಹಿಡಿದಿದ್ದಿರೇ ಎಂದು ನೋಡಿ: ಒಂದು ಸೆಂಟಿಮೀಟರ್ ಆಚೀಚೆಯಾದರೂ ವೇಗ ಶೇ 4ರಷ್ಟು ಬದಲಾಗುತ್ತದೆ, ಗಾಳಿಯಾದರೋ ಮೊದಲ ಅರ್ಧ ತೂಗಿನಲ್ಲಿ ಅಷ್ಟನ್ನು ಕದಿಯಲಾರದು.